ಬಸಳೆಯ ಬುಡಕ್ಕೆ ಸುರಿದ ನೀರು

ಕೋವಿಡ್ ಮುಗಿದು ಮಾಸ್ಕುಗಳೆಲ್ಲ ಮೂಲೆ ಸೇರಿದ ಮರುವರ್ಷ. ಆಗ ನಾನು ಬಹ್ರೇನ್‌ನ ಟುಬ್ಲಿಯಲ್ಲಿ, ತೋಟಗಾರಿಕೆಯ ಸಾಮಾನು ಮಾರುವ ಒಂದು ಕಂಪನಿಯ ಮಣ್ಣು ಪರೀಕ್ಷಾ ಲ್ಯಾಬಿನ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದೊಡನೆ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಗ್ಯಾರೇಜುಗಳ ಸಾಲಿನ ಹಿಂದೆ ಒಂದು ಶೆಡ್ಡು, ಅದರಲ್ಲಿ ನಾನು, ಒಬ್ಬ ಸಹಾಯಕ, ಮಣ್ಣು ಒಣಗಿಸುವ ಎರಡು ಓವನ್, ವಾರಕ್ಕೊಮ್ಮೆ ಮುನಿಸಿಕೊಳ್ಳುವ ಒಂದು ಏಸಿ. ಇಷ್ಟೇ ನನ್ನ ಸಾಮ್ರಾಜ್ಯ. ಹೋದ ವರ್ಷ ನಿವೃತ್ತಳಾದೆ. ಅಷ್ಟು ವರ್ಷಗಳಲ್ಲಿ ನೋಡಿದ ಮಣ್ಣುಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಒಂದು ಮಾತ್ರ ನನ್ನನ್ನು ಬಿಟ್ಟಿಲ್ಲ. ಈಗಲೂ ಮೀನು ಮಾರುವ ಜಾಗದಲ್ಲಿ ಹಾದುಹೋದರೆ ಆ ವಾಸನೆಗೆ ಕಾಲು ತಾನಾಗಿ ಬೇಗ ನಡೆಯುತ್ತದೆ.

ಧಾರವಾಡದ ಕಡೆಯ ಎರೆಮಣ್ಣು ನೋಡಿ ಬೆಳೆದವಳು ನಾನು. ಈ ದ್ವೀಪದ್ದು ಮರಳು, ಸುಣ್ಣ ಮತ್ತು ಉಪ್ಪು ಸೇರಿದ ಬಡ ಮಣ್ಣು. ಲ್ಯಾಬಿಗೆ ಬರುವವರ ದೂರೂ ಹೆಚ್ಚುಕಡಿಮೆ ಒಂದೇ: ಗಿಡ ಏಳುತ್ತಿಲ್ಲ, ಏನು ಗೊಬ್ಬರ ಹಾಕಲಿ? ಹೊಟ್ಟೆಗಿಲ್ಲದೆ ಸೊರಗುವ ಗಿಡಗಳನ್ನೇ ನೋಡಿ ನೋಡಿ, ಹೊಟ್ಟೆ ಬಿರಿಯ ತಿಂದು ಸಾಯುವ ಗಿಡವೂ ಉಂಟೆನ್ನುವುದು ನನಗೇ ಮರೆತಂತಾಗಿತ್ತು.

ಶನಿವಾರ ರಜೆಯ ದಿನವಾದರೂ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದು, ಮನೆಯಲ್ಲಿ ಗಿಡ ಬೆಳೆಸುವವರಿಗೆ ಪುಕ್ಕಟೆ ಸಲಹೆ ಕೊಡುತ್ತಿದ್ದೆ. ಕಂಪನಿಗೆ ಅದರಿಂದ ನಾಲ್ಕು ಚೀಲ ಗೊಬ್ಬರ ಮಾರಾಟವಾಗುತ್ತಿತ್ತು, ನನಗೆ ನಾಲ್ಕು ಮಾತು ಕನ್ನಡ ಆಡಲು ಸಿಗುತ್ತಿತ್ತು. ರಸೀದಿ, ದಾಖಲೆ ಯಾವುದೂ ಇರಲಿಲ್ಲ. ಉಳಿದ ಮಣ್ಣನ್ನು ಸಂಜೆ ಹಿತ್ತಲಿನ ಗುಡ್ಡೆಗೆ ಸುರಿದುಬಿಡುತ್ತಿದ್ದೆವು.

ಸೆಪ್ಟೆಂಬರಿನ ಅಂಥ ಒಂದು ಶನಿವಾರ ಬಂದವರು ಮೊಯ್ದಿನಬ್ಬ. ವಯಸ್ಸು ಅರವತ್ತರ ಹತ್ತಿರ, ಉಳ್ಳಾಲದ ಕಡೆಯ ಬ್ಯಾರಿಗಳು. ಹಮದ್ ಟೌನಿನಲ್ಲಿ ಒಂದು ವಿಲ್ಲಾದ ನಾತೂರ್, ಅಂದರೆ ಕಾವಲು ಕಾದು, ಕಸ ಗುಡಿಸಿ, ನಲ್ಲಿ ಸೋರಿದರೆ ನೋಡಿಕೊಳ್ಳುವವರು. ವಿಲ್ಲಾದ ಮೇಲಿನ ಅಂತಸ್ತಿನಲ್ಲಿ ಒಬ್ಬ ವಿದೇಶಿ ಬಾಡಿಗೆಗಿದ್ದ. ಕೆಳಗೆ ಹಿತ್ತಲಿನ ಒಂದು ಕೋಣೆ ಇವರದು. ಕೈಯಲ್ಲಿ ಮೊಸರಿನ ಡಬ್ಬಿ, ಅದರ ತುಂಬ ಮಣ್ಣು. ಮುಚ್ಚಳ ತೆಗೆದೊಡನೆ ನನ್ನ ಸಹಾಯಕ ಮೂಗು ಮುಚ್ಚಿಕೊಂಡು ಹೊರಗೆ ನಡೆದ.

"ಎಂತ ಮಾಡುವುದು ಮೇಡಂ, ಬೂತಾಯಿ ಮೀನಿನ ವಾಸನೆ," ಎಂದು ಅವರೇ ನಕ್ಕರು. "ಗಿಡ ಸುಟ್ಟ ಹಾಗೆ ಆಗ್ತಾ ಉಂಟು. ಸ್ವಲ್ಪ ನೋಡಿ."

"ಏನೇನ್ ಹಾಕೀರಿ ಸಾಹೇಬ್ರ ಇದಕ್ಕ?"

ಕರಾವಳಿಯ ಮನೆಗಳಲ್ಲಿ ಮೀನು ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲುವುದಿಲ್ಲ, ಬಸಳೆಯ ಬುಡಕ್ಕೆ ಹೊಯ್ಯುತ್ತಾರೆ. ಮೀನಿನ ತಲೆ, ಮುಳ್ಳು, ಕರುಳು ಎಲ್ಲವೂ ಅಲ್ಲಿಗೇ. ಮೊಯ್ದಿನಬ್ಬ ಆ ಪದ್ಧತಿಯನ್ನು ಹಮದ್ ಟೌನಿಗೂ ತಂದಿದ್ದರು. ಹಿತ್ತಲ ಗೋಡೆಗೆ ಒತ್ತಿ ಚಪ್ಪರ ಕಟ್ಟಿ ಬೆಳೆಸಿದ ಅವರ ಬಸಳೆ ಎಷ್ಟು ಸೊಕ್ಕಿತ್ತೆಂದರೆ ಪ್ರತಿ ಶುಕ್ರವಾರ ಊರವರೆಲ್ಲ ಒಂದೊಂದು ಕಟ್ಟು ಒಯ್ಯುತ್ತಿದ್ದರಂತೆ. ಅದನ್ನು ನೋಡಿಯೇ ಮೇಲಿನ ಬಾಡಿಗೆದಾರ, "ನನ್ನ ಕುಂಡಗಳಿಗೂ ಇಂಥದೇ ಮಣ್ಣು ಮಾಡಿಕೊಡು" ಎಂದಿದ್ದ. ಇವರು ಸಂಭ್ರಮದಿಂದ ಆಡಿನ ಹಿಕ್ಕೆ, ಕೋಳಿಗೊಬ್ಬರ, ಮೀನುಪೇಟೆಯ ತಲೆಗಳು, ಊರಿನಿಂದ ತಂದಿದ್ದ ಒಣ ಬೂತಾಯಿಯ ಪುಡಿ, ಎಲ್ಲವನ್ನೂ ಕೈಬಿಚ್ಚಿ ಬೆರೆಸಿ ಹನ್ನೆರಡು ಕುಂಡ ತುಂಬಿಸಿ ಮೇಲಿನ ಬಾಗಿಲಿಗೆ ಮುಟ್ಟಿಸಿದ್ದರು. ಮದುವೆ ಮನೆಯ ಊಟವನ್ನು ಹಸುಗೂಸಿನ ಬಾಯಿಗೆ ತುರುಕಿದಂತಾಗಿತ್ತು.

"ಗಿಡ ಯಾವುದರೀ?"

"ಹೆಸರು ಗೊತ್ತಿಲ್ಲ ಮೇಡಂ. ಸಾರ್ ಒಳಗೆ ಬಿಡುವುದಿಲ್ಲ, ಏಸಿ ತಂಪು ಹೋಗ್ತದಂತೆ. ಬಾಗಿಲ ಹತ್ತಿರ ಒಂದು ಎಲೆ ಬಿದ್ದದ್ದು ನೋಡಿದೆ. ನಮ್ಮ ಮರಗೆಣಸಿನ ಎಲೆ ಉಂಟಲ್ಲ, ಬೆರಳು ಬಿಡಿಸಿದ ಹಾಗೆ, ಅದೇ ಜಾತಿ. ತುದಿ ಸುಟ್ಟು ಕೊಕ್ಕೆಯ ಹಾಗೆ ಬಗ್ಗಿತ್ತು."

ಬಿಸಿಲಿಳಿಯುವ ತನಕ ಸಸಿಗಳನ್ನು ಏಸಿ ಕೋಣೆಯಲ್ಲಿಡುವುದು ಈ ದೇಶದಲ್ಲಿ ಎಲ್ಲರೂ ಮಾಡುವ ಕೆಲಸ. ಎಲೆಗೆ ಬಿಳಿಹಳದಿ ಪಟ್ಟೆಯಿರುವ ಅಲಂಕಾರದ ಮರಗೆಣಸನ್ನು ನಮ್ಮ ಕಂಪನಿಯೇ ಮಾರುತ್ತಿತ್ತು. ಮರಗೆಣಸು ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಮಣ್ಣಿಗೆ ಭಟ್ಟಿಯಿಳಿಸಿದ ನೀರು ಬೆರೆಸಿ, ಸೋಸಿ, ಇ.ಸಿ. ಮೀಟರ್ ಅದ್ದಿದೆ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂಬುದನ್ನು ವಿದ್ಯುತ್ತು ಹರಿಯುವ ಅಂದಾಜಿನಿಂದ ಹೇಳುವ ಉಪಕರಣ ಅದು. ಎಳೆಯ ಸಸಿಗೆ ಒಂದು, ಒಂದೂವರೆ ಇದ್ದರೆ ಸುಖ. ಇವರ ಮಣ್ಣು ಎಂಟು ದಾಟಿ ನಿಂತಿತು. ಮೀಟರ್ ಕೆಟ್ಟಿದೆಯೆಂದು ತೊಳೆದು ಮತ್ತೊಮ್ಮೆ ಅದ್ದಿದೆ. ಎಂಟೇ.

ಗೊಬ್ಬರ ಅತಿಯಾದ ಮಣ್ಣು ಗಿಡಕ್ಕೆ ಉಣಿಸುವುದಿಲ್ಲ, ಅದರ ನೀರನ್ನೇ ಹಿಂದಕ್ಕೆಳೆಯುತ್ತದೆ. ಬೇರು ಸುಡುತ್ತದೆ. ಎಲೆ ಮೊದಲು ಕಪ್ಪಿಟ್ಟ ಹಸಿರಾಗಿ, ಆಮೇಲೆ ತುದಿ ಬೆಂದು ಕೆಳಗೆ ಬಾಗುತ್ತದೆ. ನೋಡುವವರು ಹಸಿವೆಯೆಂದು ಇನ್ನಷ್ಟು ಗೊಬ್ಬರ ಸುರಿಯುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ಪರಿಹಾರ ಹೇಳಿದೆ. ಇರುವ ಮಣ್ಣಿಗೆ ಎರಡು ಪಾಲು ತೆಂಗಿನ ನಾರಿನ ಪುಡಿ ಮತ್ತು ಪರ್ಲೈಟ್ ಬೆರೆಸಿ. ಪರ್ಲೈಟ್ ಎಂದರೆ ಥರ್ಮಾಕೋಲಿನಷ್ಟು ಹಗುರವಾದ ಬಿಳಿ ಹರಳು, ಮಣ್ಣನ್ನು ಸಡಿಲ ಮಾಡುತ್ತದೆ. ಆಮೇಲೆ ಮೂರು ಸಲ ಸಿಹಿನೀರು ಧಾರಾಳ ಹೊಯ್ದು ಲವಣವನ್ನು ತೊಳೆದು ಕೆಳಗಿಳಿಸಿ. ಹೊಸ ಚಿಗುರು ಕಾಣುವವರೆಗೆ ಚಿಟಿಕೆ ಗೊಬ್ಬರವನ್ನೂ ಹಾಕಬೇಡಿ. ಆ ದಿನ ಬೇರೆ ಯಾರು ಬಂದಿದ್ದರೂ, ಯಾವ ಗಿಡಕ್ಕಾದರೂ ನಾನು ಇದನ್ನೇ ಹೇಳುತ್ತಿದ್ದೆ.

"ತೊಳೆದ ನೀರು ಎಂತ ಮಾಡುವುದು ಮೇಡಂ? ಅಷ್ಟು ಸತ್ವ ಉಂಟಲ್ಲ ಅದರಲ್ಲಿ."

"ಚೆಲ್ಲಿಬಿಡ್ರಿ."

ಅವರು ತಲೆಯಾಡಿಸಿದರು. ಚೆಲ್ಲುವ ಮನಸ್ಸು ಅವರಿಗಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ತಿಂಗಳೊಪ್ಪತ್ತಿನಲ್ಲಿ ಮತ್ತೆ ಬಂದರು, ಕಂಕುಳಲ್ಲಿ ತೋಳುದಪ್ಪದ ಬಸಳೆಯ ಕಟ್ಟು. ಮೇಲಿನ ಗಿಡಗಳು ಸರಿಹೋಗಿದ್ದವಂತೆ. ಸಾರ್ ಬೆನ್ನು ತಟ್ಟಿದನಂತೆ. ಸಾರ್ ಗಿಡಗಳನ್ನು ಕಿತ್ತಿಟ್ಟುಕೊಂಡು ಮಣ್ಣಿನ ಕುಂಡಗಳನ್ನಷ್ಟೇ ಬಾಗಿಲ ಹೊರಗಿಟ್ಟಿದ್ದ; ಅವನ್ನು ತೊಳೆದ ನೀರನ್ನು ಇವರು ಬಕೆಟ್ಟಿನಲ್ಲಿ ಹಿಡಿದು, ಒಂದು ತೊಟ್ಟೂ ಹಾಳುಮಾಡದೆ ಬಸಳೆಗೆ ಹೊಯ್ದಿದ್ದರು. "ಅದರದ್ದೇ ಇದು, ನೋಡಿ ಹೇಗೆ ಬಂದಿದೆ!" ಎಂದು ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. ಬಸಳೆಯ ಜೊತೆ ಸಿಗಡಿ ಹಾಕಬೇಕೆಂದು ಉಪದೇಶ ಮಾಡಿದರು. ನಾನು ಅದನ್ನು ನಮ್ಮ ರೂಢಿಯಂತೆ ತೊಗರಿಬೇಳೆಯಲ್ಲಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ನಾನೂ ನನ್ನ ಯಜಮಾನರೂ ರೊಟ್ಟಿಯ ಜೊತೆ ಎರಡು ದಿನ ಉಂಡೆವು. ಆ ಎರಡು ದಿನ ನನ್ನ ಕೆಲಸದ ಬಗ್ಗೆ ನನಗೆ ಎಲ್ಲಿಲ್ಲದ ಖುಷಿಯಿತ್ತು.

ಡಿಸೆಂಬರಿನಲ್ಲಿ ಅಶ್ರಫ್ ಬಂದ. ಮೊಯ್ದಿನಬ್ಬರ ಅಣ್ಣನ ಮಗ, ಹಮದ್ ಟೌನಿನಲ್ಲಿ ಒಂದು ಕೋಲ್ಡ್ ಸ್ಟೋರ್, ಅಂದರೆ ದಿನಸಿ ಅಂಗಡಿ ನಡೆಸುವವನು. ಮುಖ ನೋಡಿದರೆ ವಾರದಿಂದ ನಿದ್ದೆಯಿಲ್ಲದವನ ಹಾಗಿದ್ದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಡಂ, ಚಿಕ್ಕಪ್ಪನನ್ನು ಪೊಲೀಸರು ಹಿಡಿದಿದ್ದಾರೆ. ಮೇಲೆ ಇದ್ದದ್ದು ಗಾಂಜಾ ಗಿಡ ಅಂತೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಮರಗೆಣಸು ಎಂದಿದ್ದರಲ್ಲ ಎಂದು ಬಾಯಿ ಬಿಟ್ಟು ಅಂದುಬಿಟ್ಟೆ. ಆಮೇಲೆ ಬೆರಳು ಬಿಡಿಸಿದ ಆ ಎಲೆ ಕಣ್ಣ ಮುಂದೆ ಬಂತು, ಈ ಸಲ ಅದರ ನಿಜವಾದ ಹೆಸರಿನೊಂದಿಗೆ. ಕುರ್ಚಿ ಹಿಡಿದುಕೊಂಡು ನಾನೇ ಕೂತೆ.

ಅಶ್ರಫ್ ಹೇಳಿದ್ದು ಇಷ್ಟು. ಒಂದು ಗುರುವಾರ ಬಾಡಿಗೆದಾರ ಸಣ್ಣ ಬ್ಯಾಗು ಹಿಡಿದು, ಊರಿಗೆ ಹೋಗಿ ಬರುತ್ತೇನೆಂದು ಹೊರಟ. ಮೇಲಿನ ಕೋಣೆಯ ಕೀಲಿಕೈಯನ್ನು ಮೊಯ್ದಿನಬ್ಬರ ಕೈಗೆ ಕೊಟ್ಟು, ಬರುವ ತನಕ ಗಿಡಗಳಿಗೆ ನೀರು ಹಾಕೆಂದ. ಅವನಿಗೆ ಸುಳಿವು ಸಿಕ್ಕಿತ್ತೆಂದು ಕಾಣುತ್ತದೆ, ತಿರುಗಿ ಬರಲೇ ಇಲ್ಲ. ಇವರು ಬಾಗಿಲು ತೆಗೆದು ಮೊದಲ ಬಾರಿ ಒಳಗೆ ಹೋದರು. ದೊಡ್ಡ ದೀಪಗಳು, ಫ್ಯಾನುಗಳು, ಎದೆಯೆತ್ತರದ ಗಿಡಗಳು. ಇದೇನೋ ಸರಿಯಿಲ್ಲ ಎಂದು ಅಂಗಡಿಗೆ ಬಂದು ಅಶ್ರಫನಿಗೆ ಹೇಳಿದ್ದರು. ಕೀಲಿಯನ್ನು ಮನೆಯ ಮಾಲೀಕರಿಗೆ ಕೊಟ್ಟು ಕೈ ತೊಳೆದುಕೊಳ್ಳಿ ಎಂದು ಇವನು ಅಂದಿದ್ದ.

"ಕೇಳಲಿಲ್ಲ ಮೇಡಂ. ಕೀಲಿ ಅಮಾನತ್, ಕೊಟ್ಟವನ ಕೈಗೇ ಕೊಡಬೇಕು, ನಡುವೆ ಇನ್ನೊಬ್ಬನಿಗೆ ಕೊಟ್ಟರೆ ನಾಳೆ ಹುಟ್ಟಿಸಿದ ದೇವರಿಗೆ ಎಂತ ಹೇಳುವುದು ಅಂದ್ರು. ಗಿಡಕ್ಕೆ ನೀರು ಹಾಕ್ತೇನೆ ಅಂತ ಮಾತು ಕೊಟ್ಟಿದ್ದೇನೆ ಅಂದ್ರು."

ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದನ್ನು ಒಪ್ಪಿಸಿದವನಿಗೆ ಹಾಗೇ ಮರಳಿಸುವುದು ಅವರಿಗೆ ನಮಾಜಿನಷ್ಟೇ ಗಟ್ಟಿ ಕರ್ತವ್ಯ. ಪೊಲೀಸರು ಬಂದಾಗ ಅವರು ಮೇಲೆ ನೀರಿನ ಕೊಡ ಹಿಡಿದು ನಿಂತಿದ್ದರು. ಕೀಲಿ ಯಾರದೆಂದು ಕೇಳಿದ್ದಕ್ಕೆ, ನನ್ನ ಬಳಿ ಇಟ್ಟದ್ದು ಎಂದರು. ಮಣ್ಣು ಮಾಡಿದವರು ಯಾರೆಂದು ಕೇಳಿದ್ದಕ್ಕೆ, ನಾನೇ ಎಂದರು. ಹೆಮ್ಮೆಯಿಂದಲೇ ಎಂದಿರಬೇಕು. ಅವರು ಹೇಳುವ ದನಿ ನನಗೆ ಕೇಳಿಸುತ್ತದೆ.

ಪ್ರಕರಣ ಹಿಡಿದ ವಕೀಲೆಯ ಹೆಸರು ಮರ್ಯಂ, ಬಹ್ರೇನಿನವರೇ. ಡಿಪ್ಲೊಮ್ಯಾಟಿಕ್ ಏರಿಯಾದ ಅವರ ಕಚೇರಿಗೆ ಅಶ್ರಫ್ ನನ್ನನ್ನು ಕರೆದೊಯ್ದ. ಬೆಳೆಸಿದ್ದು ಇವರೇ ಎಂದು ಸಾಬೀತಾದರೆ ಆಗುವ ಶಿಕ್ಷೆಯನ್ನು ಅವರು ಹೇಳಿದರು. ಈ ವಯಸ್ಸಿನವರು ಅದನ್ನು ಮುಗಿಸಿ ಜೀವಂತ ಹೊರಬರುವ ಲೆಕ್ಕ ಯಾವ ಕಡೆಯಿಂದ ಕೂಡಿದರೂ ಕೂಡುವುದಿಲ್ಲ. ಆಮೇಲೆ, ವಶಪಡಿಸಿಕೊಂಡ ಕುಂಡಗಳ ಮಣ್ಣಿನ ವರದಿಯನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದರು. ಲವಣ ಹಿತಮಿತ, ಗಾಳಿಯಾಡುವ ಹದ, ಈ ಗಿಡಕ್ಕೆ ಚೆನ್ನಾಗಿ ಒಪ್ಪುವಂಥದು. ಅನುಭವವಿದ್ದ ಕೈ ತಯಾರಿಸಿದ್ದು.

ಒಂದು ಕ್ಷಣ, ಒಂದೇ ಕ್ಷಣ, ನನಗೆ ಹೆಮ್ಮೆಯಾಯಿತು. ನನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಯಾರೂ ಹೊಗಳಿರಲಿಲ್ಲ. ಮರುಕ್ಷಣ ಆ ಹೊಗಳಿಕೆ ಯಾರ ಕುತ್ತಿಗೆಗೆ ಬರುತ್ತದೆಂದು ಹೊಳೆಯಿತು.

ಮರ್ಯಂ ತಿರುಗಿ ತಿರುಗಿ ಕೇಳಿದರು: ಮೊದಲಿನ ಮಣ್ಣು ಹೇಗಿತ್ತು? ನಾನು ಹೇಳಿದೆ. ಆ ಗಿಡದ ಗುಟ್ಟು ಬಲ್ಲ ಯಾರೂ ಅಂಥ ಮಣ್ಣಿನಲ್ಲಿ ಅದನ್ನು ಊರುವುದಿಲ್ಲ. ಬಸಳೆಗೆ ಹಾಕುವುದನ್ನೇ ಅದಕ್ಕೂ ಹಾಕಿದ ಮನುಷ್ಯನಿಗೆ ಅದರ ಜಾತಿಕುಲ ಗೊತ್ತಿರಲಿಲ್ಲ ಎನ್ನುವುದಕ್ಕೆ ಆ ಮಣ್ಣೇ ಸಾಕ್ಷಿ.

"ಹಾಗಾದರೆ ಆ ಮಣ್ಣು ಎಲ್ಲಿದೆ?"

ಎಲ್ಲಿದೆ! ಮೊಸರಿನ ಡಬ್ಬಿಯಲ್ಲಿದ್ದದ್ದು ಅಂದೇ ಸಂಜೆ ಗುಡ್ಡೆ ಸೇರಿತ್ತು. ಕುಂಡದಲ್ಲಿದ್ದದ್ದನ್ನು ಮೂರು ನೀರಿನಲ್ಲಿ ತೊಳೆಸಿದವಳು ನಾನೇ. ಅವರನ್ನು ಉಳಿಸಬಹುದಾಗಿದ್ದ ಒಂದೇ ಸಾಕ್ಷಿಯನ್ನು ನನ್ನ ಒಳ್ಳೆಯ ಸಲಹೆ ತೊಳೆದು ಹಾಕಿತ್ತು. ಇದರಲ್ಲಿ ನನ್ನ ತಪ್ಪೆಲ್ಲಿ ಎಂದು ಎಷ್ಟೋ ದಿನ ಹುಡುಕಿದ್ದೇನೆ, ಸಿಕ್ಕಿಲ್ಲ. ಸಿಕ್ಕಿದ್ದರೆ ಪಶ್ಚಾತ್ತಾಪ ಪಟ್ಟು ಹಗುರವಾಗಬಹುದಿತ್ತು. ತಪ್ಪಿಲ್ಲದ ಕೆಲಸ ಬೆನ್ನು ಹತ್ತಿದರೆ ಅದನ್ನು ಬಿಡಿಸಿಕೊಳ್ಳುವ ದಾರಿಯೇ ಇಲ್ಲ.

ಮನೆಗೆ ಬಂದು ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದೆ. ಕೊಳೆ ನೀರು ಸುಳಿಸುತ್ತಿ ಕೆಳಗಿಳಿಯುವುದನ್ನು ನೋಡುತ್ತಾ, ಅವರು ನೀರನ್ನು ಚೆಲ್ಲಲಿಲ್ಲವಲ್ಲ ಎಂದು ಹೊಳೆಯಿತು. ಬಕೆಟ್ಟಿನಲ್ಲಿ ಹಿಡಿದು ಬಸಳೆಗೆ ಹೊಯ್ದಿದ್ದರು.

ನಮ್ಮ ಯಜಮಾನರು ಬ್ಯಾಂಕಿನವರು, ಎಲ್ಲದರಲ್ಲೂ ಮೊದಲು ನಷ್ಟವನ್ನೇ ನೋಡುವ ಜನ.

"ನೀ ಯಾಕ ನಡುವ ಹೋಗ್ತಿ?" ಎಂದರು. "ಗಾಂಜಾದ ಕೇಸಿನ್ಯಾಗ ನಿನ್ನ ಹೆಸರು ಬಂದ್ರ ನಮ್ಮ ವೀಸಾದ ಗತಿ ಏನು?"

"ಬಸಳಿ ನೀವೂ ತಿಂದೀರಿ."

"ತಿಂದೀನಿ. ಅದಕ್ಕ?"

"ಅದನ್ನ ಹೇಳ್ಲಿಕ್ಕೆ ಹೊಂಟೀನಿ."

ಅವರು ಊಟ ಮುಗಿಸಿದರು. ಆಮೇಲೆ ಎದ್ದು, ಕಾರಿನ ಕೀಲಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರ ಮೇಲೆ ಅಷ್ಟು ಅಕ್ಕರೆ ಬಂದದ್ದು ಅದೇ ಮೊದಲು.

ಒಪ್ಪಿಗೆ, ಮೊಹರು, ಅನುವಾದ ಎಂದು ಫೆಬ್ರವರಿ ಮುಗಿಯಿತು. ಕಡೆಗೆ ಒಂದು ಮಧ್ಯಾಹ್ನ ಮರ್ಯಂ, ಒಬ್ಬ ಪೊಲೀಸ್ ಅಧಿಕಾರಿ ಮತ್ತು ನಾನು ಆ ವಿಲ್ಲಾದ ಹಿತ್ತಲಿಗೆ ಹೋದೆವು. ಹಮದ್ ಟೌನಿನಲ್ಲಿ ವಿಳಾಸವೆಂದರೆ ದುವ್ವಾರ್, ಅಂದರೆ ರಸ್ತೆಯ ವೃತ್ತಗಳ ನಂಬರು. ಎಲ್ಲ ವೃತ್ತವೂ ಒಂದೇ ಥರ, ಎಲ್ಲ ಬೀದಿಯೂ ಒಂದೇ ಥರ. ಆದರೆ ಆ ಬೀದಿಯ ಬಾಯಿಗೆ ಬಂದೊಡನೆ ನನಗೆ ಮನೆ ಗೊತ್ತಾಯಿತು. ಗೋಡೆಯ ಮೇಲಿಂದ ಒಣಗಿದ ಬಳ್ಳಿಗಳು ಇಣುಕುತ್ತಿದ್ದವು.

ಮಾಲೀಕರು ಗೇಟು ತೆಗೆದು ದೂರ ನಿಂತರು. ಹಿತ್ತಲು ನಿಶ್ಶಬ್ದವಾಗಿತ್ತು. ನೀರು ಕಾಣದೆ ಎಷ್ಟೋ ವಾರಗಳಾಗಿದ್ದವು, ಬಸಳೆ ಚಪ್ಪರದ ಮೇಲೆ ನಿಂತಲ್ಲೇ ಸತ್ತಿತ್ತು. ಉದುರಿದ ಹಣ್ಣುಗಳು ಗೋಡೆಯುದ್ದಕ್ಕೂ ನೇರಳೆ ಕಲೆ ಮಾಡಿದ್ದವು. ಅವರ ಕೋಣೆಯ ಬಾಗಿಲ ಮುಂದೆ ಒಂದು ಜೊತೆ ಹವಾಯಿ ಚಪ್ಪಲಿ, ಈಗಷ್ಟೇ ಒಳಗೆ ಹೋದವರು ಬಿಟ್ಟಂತೆ ಜೋಡಿಸಿಟ್ಟದ್ದು. ನಾನು ಅತ್ತ ನೋಡಬಾರದೆಂದುಕೊಂಡೆ. ಮಂಡಿಯೂರಿ ಕೂತು ಅಗೆಯುವಾಗಲೆಲ್ಲ ಬೆನ್ನ ಹಿಂದೆ ಯಾರೋ ಆ ಚಪ್ಪಲಿ ಮೆಟ್ಟಿ ನಿಂತು, ನಾನು ಸರಿಯಾಗಿ ಅಗೆಯುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಬುಡದ ಮಣ್ಣಿನ ಮೇಲೆ ಬಿಳಿಯ ಹೆಪ್ಪು ಕಟ್ಟಿತ್ತು. ನೀರು ಆರಿದಂತೆ ಒಳಗಿನ ಲವಣ ಮೇಲೆದ್ದು ಪದರವಾಗಿತ್ತು. ಆ ಪದರದ ಜೊತೆಗೇ, ಮೇಲುಮೇಲೆ, ಸಾಸಿವೆ ಚೆಲ್ಲಿದಂತೆ ಬಿಳಿ ಹರಳುಗಳು. ಬೆರಳಿಂದ ಒತ್ತಿದೆ, ಪುಡಿಯಾಯಿತು. ಪರ್ಲೈಟ್.

ಪರ್ಲೈಟ್ ನೀರಿನಲ್ಲಿ ತೇಲುತ್ತದೆ. ಕುಂಡ ತೊಳೆದಾಗ ಅದು ನೀರಿನೊಡನೆ ಹೊರಬಂದು ಬಕೆಟ್ಟಿಗಿಳಿದಿತ್ತು, ಬಕೆಟ್ಟಿನಿಂದ ಇಲ್ಲಿಗೆ. ಬಸಳೆಗೆ ಪರ್ಲೈಟ್ ಹಾಕುವ ಮನುಷ್ಯ ಭೂಮಿಯ ಮೇಲೆ ಇಲ್ಲ. ಕೆಳಗೆ ಅಗೆದಂತೆ ಮೀನಿನ ಹುರುಪೆ, ಬೂತಾಯಿಯ ಕೂದಲೆಳೆಯಂಥ ಮುಳ್ಳು, ಆಡಿನ ಹಿಕ್ಕೆ. ಕುಂಡಗಳ ಮಣ್ಣಿನ ವರದಿಯಲ್ಲೂ ಮೀನಿನ ಮುಳ್ಳಿನ ಉಲ್ಲೇಖವಿತ್ತು. ಅಧಿಕಾರಿಯ ಎದುರೇ ಮಾದರಿ ತೆಗೆದು ಮೊಹರು ಮಾಡಿಸಿದೆ. ಲ್ಯಾಬಿನಲ್ಲಿ ಮೇಲಿನ ಪದರದ ಇ.ಸಿ. ನೋಡಿದಾಗ ಅಂದಿನ ಮೊಸರಿನ ಡಬ್ಬಿಯ ಅಂಕಿಯನ್ನೂ ಮೀರಿತ್ತು.

ಏಪ್ರಿಲಿನಲ್ಲಿ ನನ್ನನ್ನು ಸಾಕ್ಷಿ ಹೇಳಲು ಕೋರ್ಟಿಗೆ ಕರೆದರು. ಅರಬ್ಬಿ ದುಭಾಷಿಯ ಪಕ್ಕ ನಿಂತೆ. ಮೊಯ್ದಿನಬ್ಬ ಎದುರಿಗಿದ್ದರು, ಅರ್ಧವಾಗಿದ್ದರು. ನನ್ನನ್ನು ನೋಡಿ, ಲ್ಯಾಬಿಗೆ ಬಂದಾಗ ಮಾಡುತ್ತಿದ್ದ ಹಾಗೇ ಎದೆಗೆ ಕೈ ಮುಟ್ಟಿಸಿ ತಲೆಬಾಗಿದರು. ನಾನೂ ಕೈಮುಗಿದೆ.

ಕುಂಡದ ಮಣ್ಣಿನ ಹದ ನುರಿತ ಕೈಯದೇ ಎಂದು ನ್ಯಾಯಾಧೀಶರು ಕೇಳಿದರು.

"ಹೌದು," ಎಂದೆ. "ಆ ಹದ ನನ್ನದು."

ದುಭಾಷಿ ನನ್ನನ್ನು ಒಮ್ಮೆ ನೋಡಿ ಅನುವಾದಿಸಿದ. ಗಿಡ ಯಾವುದೆಂದು ತಿಳಿದು ಸಲಹೆ ಕೊಟ್ಟಿರಿ ಎಂಬ ಪ್ರಶ್ನೆ ಬಂತು. ಮರಗೆಣಸು ಎಂದೆ. ಅದನ್ನು ಅರಬ್ಬಿಗೆ ತರಲಾಗದೆ ಆತ ಒದ್ದಾಡಿದ, ನಾನು ಗಾಳಿಯಲ್ಲಿ ಗೆಡ್ಡೆಯ ಆಕಾರ ಬಿಡಿಸಿ ತೋರಿಸಬೇಕಾಯಿತು. ನಗು ಬರಬೇಕಾದ ಗಳಿಗೆ, ಯಾರೂ ನಗಲಿಲ್ಲ. ಆಮೇಲೆ ಹಿತ್ತಲಿನ ಮಣ್ಣಿನ ವಿಷಯ ಹೇಳಿದೆ. ಗಾಂಜಾ ಎಂದು ತಿಳಿದವನು ಅದರ ಕುಂಡ ತೊಳೆದ ನೀರನ್ನು ಮೋರಿಗೆ ಸುರಿದು ಕಣ್ಮರೆ ಮಾಡುತ್ತಾನೆ. ಇವರು ಅದನ್ನು ತಾವು ಉಣ್ಣುವ, ಶುಕ್ರವಾರ ಊರಿಗೆಲ್ಲ ಹಂಚುವ ಸೊಪ್ಪಿಗೆ ಹೊಯ್ದರು. ಆ ಸೊಪ್ಪನ್ನು ನನಗೂ ತಂದುಕೊಟ್ಟರು. ನಾನು ಅಡುಗೆ ಮಾಡಿ ಉಂಡಿದ್ದೇನೆ.

ಇನ್ನೂ ಎರಡು ತಿಂಗಳು ಕಳೆದ ಮೇಲೆ ತೀರ್ಪು ಬಂತು. ಬೆಳೆಸಿದ ಆರೋಪದಿಂದ ಬಿಡುಗಡೆ. ನನ್ನ ಮಾತೊಂದರಿಂದಲೇ ಅಲ್ಲ, ಮರ್ಯಂ ಬೇರೆ ಸಾಕ್ಷಿಗಳನ್ನೂ ಹೆಕ್ಕಿ ಹೆಕ್ಕಿ ತಂದಿದ್ದರು. ಸುದ್ದಿ ಕೇಳಿ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ. ಸಹಾಯಕ ಹೊರಗಿನಿಂದ ಬಾಗಿಲು ತಟ್ಟಿ ಚಹಾ ಬೇಕೇ ಎಂದು ಕೇಳುತ್ತಿದ್ದ.

ಮೊಯ್ದಿನಬ್ಬರ ಕೆಲಸ ಹೋಗಿತ್ತು, ಪರ್ಮಿಟ್ಟಿನ ಅವಧಿ ಮುಗಿದಿತ್ತು. ಊರಿಗೆ ಹೊರಡುವ ಮುನ್ನ ಅಶ್ರಫನ ಅಂಗಡಿಯಲ್ಲಿದ್ದಾರೆಂದು ಕೇಳಿ ನೋಡಲು ಹೋದೆ. ಪೆಪ್ಸಿ ಕ್ರೇಟುಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಕೈಗಳನ್ನು ತೊಡೆಯ ಮೇಲೆ, ಬೇರೆ ಯಾರದೋ ಸಾಮಾನು ಇಟ್ಟುಕೊಂಡ ಹಾಗೆ, ಇಟ್ಟುಕೊಂಡಿದ್ದರು. ಉಗುರುಗಳು ಬೆಳ್ಳಗಿದ್ದವು. ಅವರ ಉಗುರು ಮಣ್ಣಿಲ್ಲದೆ ಇದ್ದದ್ದನ್ನು ನಾನು ನೋಡಿರಲೇ ಇಲ್ಲ.

ನನ್ನ ಉಪಕಾರ ಮರೆಯುವುದಿಲ್ಲವೆಂದರು. ನಾನು ಏನೋ ತೊದಲಿದೆ. ಅಶ್ರಫ್ ಗಿರಾಕಿಗಳತ್ತ ತಿರುಗಿದಾಗ ಅವರು ದನಿ ತಗ್ಗಿಸಿ ಕೇಳಿದರು.

"ಮೇಡಂ, ಒಂದು ಮಾತು. ಆ ಗಿಡ ನಾವು ಸರಿ ಮಾಡದಿದ್ದರೆ ಸಾಯ್ತಿತ್ತು, ಅಲ್ವಾ?"

ಸುಳ್ಳು ಹೇಳಬಹುದಿತ್ತು. ಆದರೆ ಮಣ್ಣಿನ ವಿಷಯದಲ್ಲಿ ಅವರಿಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

"ಹೌದ್ರೀ ಸಾಹೇಬ್ರ. ಹದಿನೈದು ದಿನದಾಗ ಸಾಯ್ತಿತ್ತು."

"ಸತ್ತಿದ್ದರೆ ಸಾರ್ ಎಲ್ಲ ಬಿಸಾಡ್ತಿದ್ದ," ಎಂದರು. ಲೆಕ್ಕ ಅಲ್ಲಿಗೆ ಮುಗಿಯಿತೆನ್ನುವಂತೆ ತಲೆಯಾಡಿಸಿದರು. "ನಾವಿಬ್ಬರೂ ಗಿಡ ಸಾಯ್ಲಿಕ್ಕೆ ಬಿಡುವ ಜನ ಅಲ್ಲ ಮೇಡಂ, ಎಂತ ಮಾಡುವುದು."

ನನ್ನನ್ನು ದೂರಿದ್ದರೆ ಸಹಿಸುತ್ತಿದ್ದೆ. 'ನಾವಿಬ್ಬರೂ' ಎಂದರು.

ಆಮೇಲೂ ಹಲವು ಶನಿವಾರ ಲ್ಯಾಬಿನ ಬಾಗಿಲು ತೆಗೆದೆ. ಮಣ್ಣು ಸುಳ್ಳು ಹೇಳುವುದಿಲ್ಲವೆಂದು ನಮಗೆ ಕಲಿಸಿದ್ದರು, ಅದು ನಿಜ. ಆದರೆ ಅದು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ ಎನ್ನುವುದನ್ನು ಈ ಪ್ರಕರಣ ಕಲಿಸಿತು. ಲವಣ ಎಷ್ಟು ಎಂದು ಕೇಳಿದೆ, ಹೇಳಿತು. ಯಾರಿಗಾಗಿ, ಯಾತಕ್ಕಾಗಿ ಎಂದು ಕೇಳುವುದು ನನ್ನ ವಿದ್ಯೆಯಲ್ಲಿರಲಿಲ್ಲ. ನಿವೃತ್ತಳಾಗುವ ತನಕವೂ ಮೀಟರ್ ಮುಟ್ಟುವ ಮೊದಲು, "ಗಿಡ ನಿಮ್ಮದೇ ಏನ್ರೀ?" ಎಂದು ಕೇಳುತ್ತಿದ್ದೆ. ಮೆಂತ್ಯ, ಕೊತ್ತಂಬರಿ ತಂದವರು ನಗುತ್ತಿದ್ದರು. ಮುದುಕಿಗೆ ಅರಳುಮರಳು ಎಂದು ನನ್ನ ಸಹಾಯಕನೂ ಅಂದುಕೊಂಡಿರಬೇಕು.

ಹೋದ ರಂಜಾನಿಗೆ ಊರಿಗೆ ಹೋಗಿ ಬಂದ ಅಶ್ರಫ್ ಫೋನು ಮಾಡಿದ್ದ. ಚಿಕ್ಕಪ್ಪ ಆರೋಗ್ಯವಾಗಿದ್ದಾರೆ, ಮಸೀದಿಗೆ ಹೋಗಿ ಬರುತ್ತಾರೆ, ನಿಮ್ಮನ್ನು ಕೇಳಿದರು ಎಂದ. ಬಸಳೆ ಹೇಗಿದೆ ಎಂದೆ.

"ಇಲ್ಲ ಮೇಡಂ, ಗಿಡ ಎಂತದೂ ಇಲ್ಲ. ಮೀನು ತೊಳೆದ ನೀರನ್ನು ಚಿಕ್ಕಮ್ಮ ಈಗ ಬಚ್ಚಲಿಗೇ ಚೆಲ್ತಾರೆ."